ಸ್ಕಾರ್ಫಿಗೆ ಎರಡು ಜುಟ್ಟು

ಕಾಸ್‌ಪ್ಲೇ, ಅಂದರೆ ಕಾಮಿಕ್, ಅನಿಮೆ ಪಾತ್ರಗಳ ವೇಷ, ಮಾಡಬೇಕು ಅಂತ ನಾನು ಬಾಯಿಬಿಟ್ಟು ಹೇಳಿದ್ದೇ ತಡ, ಸಲಹೆಗಳು ಬಂದವು. ಎಲ್ಲರದ್ದೂ ಒಂದೇ ಸಲಹೆ. ‘ಕಮಲಾ ಖಾನ್ ಮಾಡು, ನಿನಗೆ ಸರಿಹೋಗುತ್ತೆ.’

ಕಮಲಾ ಖಾನ್ ಅಂದರೆ ಅಮೆರಿಕದ ಮಾರ್ವೆಲ್ ಕಾಮಿಕ್ಸ್‌ನ ಮಿಸ್ ಮಾರ್ವೆಲ್. ಜೆರ್ಸಿ ಸಿಟಿಯಲ್ಲಿ ಬೆಳೆದ ಪಾಕಿಸ್ತಾನಿ ಮೂಲದ ಹುಡುಗಿ. 2014ರಲ್ಲಿ ಅವಳದ್ದೇ ಕಾಮಿಕ್ ಶುರುವಾಯಿತು, 2022ರಲ್ಲಿ ಸರಣಿಯೂ ಬಂತು. ಕಾಮಿಕ್‌ನಲ್ಲಿ ಅವಳು ಬುರ್ಕಿನಿಯನ್ನೇ, ಅಂದರೆ ಮೈಮುಚ್ಚುವ ಈಜುಡುಗೆಯನ್ನೇ, ತಿದ್ದಿ ತನ್ನ ಸೂಪರ್‌ಹೀರೋ ಡ್ರೆಸ್ ಮಾಡಿಕೊಳ್ಳುತ್ತಾಳೆ. ಆ ಒಂದು ಐಡಿಯಾಕ್ಕೆ ನಾನು ಅವಳ ಅಭಿಮಾನಿ. ಆದರೆ ಅವಳು ನನ್ನ ಹಾಗೆ ಹಿಜಾಬ್ ಹಾಕುವುದೇ ಇಲ್ಲ. ಹಾಕುವವಳು ಅವಳ ಗೆಳತಿ ನಾಕಿಯಾ. ಸಲಹೆ ಕೊಟ್ಟವರಲ್ಲಿ ಇದನ್ನು ಗಮನಿಸಿದವರು ಒಬ್ಬರೂ ಇರಲಿಲ್ಲ. ಮುಸ್ಲಿಂ ಹುಡುಗಿಗೆ ಮುಸ್ಲಿಂ ಪಾತ್ರ, ಅಲ್ಲಿಗೆ ಲೆಕ್ಕ ಮುಗೀತು.

ಇನ್ನೂ ಸ್ವಲ್ಪ ಜಾಸ್ತಿ ಓದಿಕೊಂಡ ಒಬ್ಬ ‘ಡಸ್ಟ್’ ಹೆಸರು ಹೇಳಿದ. ಮಾರ್ವೆಲ್‌ನದೇ ಎಕ್ಸ್‌ಮೆನ್ ಗುಂಪಿನ ಅಫ್ಘನ್ ಹುಡುಗಿ ಅವಳು, 2002ರಲ್ಲಿ ಬಂದ ಪಾತ್ರ. ಮೈಯೆಲ್ಲ ಮರಳಾಗಿ ಬಿರುಗಾಳಿಯಂತೆ ಬೀಸುತ್ತಾಳೆ. ವೇಷ ಏನು ಅಂದರೆ ಕಪ್ಪು ಅಬಾಯಾ ಮತ್ತು ಮುಖ ಮುಚ್ಚುವ ನಿಕಾಬ್. ನಾನು ಅದನ್ನು ಹಾಕಿಕೊಂಡು ಹೋದರೆ ಯಾರಾದರೂ ಕಾಸ್‌ಪ್ಲೇ ಅಂತಾರಾ? ಶಿವಾಜಿನಗರಕ್ಕೆ ಹೊರಟವಳು ದಾರಿ ತಪ್ಪಿ ಬಂದಿದ್ದಾಳೆ ಅಂದುಕೊಳ್ಳುತ್ತಾರೆ.

ನನಗೆ ಬೇಕಾಗಿದ್ದವಳು ಫ್ರೀರೆನ್. ಜಪಾನಿನ ಮಾಂಗಾದವಳು, ಅಂದರೆ ಅಲ್ಲಿನ ಕಾಮಿಕ್‌ನವಳು, 2023ರಲ್ಲಿ ಅದರ ಅನಿಮೆ, ಅಂದರೆ ಕಾರ್ಟೂನ್ ಸರಣಿ, ಬಂದ ಮೇಲೆ ಎಲ್ಲರ ಬಾಯಲ್ಲಿ ಓಡಾಡಿದವಳು. ಸಾವಿರ ವರ್ಷ ದಾಟಿದ ಎಲ್ಫ್, ಅಂದರೆ ಚೂಪು ಕಿವಿಯ ದೀರ್ಘಾಯುಷಿ ಜಾತಿಯವಳು, ಜಾದುಗಾರ್ತಿ. ಜೊತೆಗೆ ಹೋರಾಡಿದ ಹೀರೋ ಮುದುಕನಾಗಿ ಸತ್ತ ಮೇಲೆ, ಅವನನ್ನು ತಾನು ಸರಿಯಾಗಿ ತಿಳಿದುಕೊಳ್ಳಲೇ ಇಲ್ಲವಲ್ಲ ಅಂತ ಅವಳಿಗೆ ಹೊಳೆಯುತ್ತದೆ. ಕಥೆ ಶುರುವಾಗುವುದೇ ಅಲ್ಲಿಂದ. ಬೆಳಿಗ್ಗೆ ಏಳಲು ಸೋಮಾರಿ. ಕೆಲಸಕ್ಕೆ ಬಾರದ ಮಂತ್ರಗಳನ್ನು ಕೂಡಿಡುವ ಹುಚ್ಚು. ಸಿಹಿ ದ್ರಾಕ್ಷಿಯನ್ನು ಹುಳಿ ಮಾಡುವ ಮಂತ್ರ ಯಾರಿಗೆ ಬೇಕು ಹೇಳಿ? ಅವಳಿಗೆ ಬೇಕು. ಇಂಥವಳು ಇಷ್ಟವಾಗದೆ ಹೇಗೆ?

ಬಟ್ಟೆಯೂ ನನಗೆ ಹೇಳಿ ಮಾಡಿಸಿದ್ದು. ಚಿನ್ನದ ಅಂಚಿನ ಬಿಳಿ ಕೋಟು, ಒಳಗೆ ಕಪ್ಪು ಬಿಳಿ ಪಟ್ಟೆಯ ಅಂಗಿ, ಪೂರ್ತಿ ತೋಳು. ಲಂಗ ಸ್ವಲ್ಪ ಉದ್ದ ಮಾಡಿ ಒಳಗೊಂದು ಪ್ಯಾಂಟ್ ಹಾಕಿದರೆ ಮುಗೀತು. ತೊಂದರೆ ಇದ್ದದ್ದು ಭುಜದಿಂದ ಮೇಲೆ. ಫ್ರೀರೆನ್ ಅಂತ ದೂರದಿಂದಲೇ ಗುರುತು ಸಿಗುವುದು ಎರಡು ಗುರುತಿನಿಂದ. ಎರಡು ಉದ್ದದ ಬೆಳ್ಳಿಬಣ್ಣದ ಜುಟ್ಟು, ಮತ್ತೆ ಚೂಪು ಕಿವಿ. ನನ್ನದು ಎರಡೂ ಸ್ಕಾರ್ಫಿನ ಒಳಗೆ.

ವಿಗ್ ಹಾಕಿಕೊಂಡರೆ ಆಗಲ್ವಾ ಅಂತ ಕೇಳಿದವರಿಗೆ ಲೆಕ್ಕವಿಲ್ಲ. ಕೂದಲಿಗೆ ಕೂದಲು ಸೇರಿಸಿಕೊಳ್ಳಬಾರದು ಅಂತ ಹದೀಸ್ ಇದೆ, ಹಾಗಾಗಿ ನಾನು ವಿಗ್ ಮುಟ್ಟುವುದಿಲ್ಲ. ಸ್ಕಾರ್ಫಿನ ಮೇಲೆ ವಿಗ್ ಹಾಕುವವರು ಇದ್ದಾರೆ. ಹುಡ್ ಹಾಕಿ ಮುಗಿಸುವವರೂ ಇದ್ದಾರೆ. ಅವರವರ ಆಯ್ಕೆ. ನನಗೆ ಮಾತ್ರ ಬೇರೆ ಆಸೆ ಇತ್ತು. ಸ್ಕಾರ್ಫೇ ಕೂದಲಾಗಬೇಕು.

ಈ ಆಸೆ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಮಲೇಷ್ಯಾ, ಇಂಡೋನೇಷ್ಯಾದ ಹುಡುಗಿಯರು ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದಾರೆ. ಕ್ವಾಲಾಲಂಪುರದ ಕಾಮಿಕ್ ಫಿಯೆಸ್ಟಾ ಮೇಳ 2002ರಿಂದ ನಡೆಯುತ್ತಿದೆ. ನಮ್ಮಲ್ಲಿ ಅಂಥದ್ದೇ ಮೇಳ, ಕಾಮಿಕ್ ಕಾನ್, ದೆಹಲಿಗೆ ಬಂದದ್ದು 2011ರಲ್ಲಿ, ಬೆಂಗಳೂರಿಗೆ 2012ರಲ್ಲಿ. ಆ ದೇಶಗಳ ಹುಡುಗಿಯರು ನೀಲಿ ಕೂದಲಿನ ಪಾತ್ರಕ್ಕೆ ನೀಲಿ ತುಡುಂಗ್, ಅಂದರೆ ಸ್ಕಾರ್ಫ್, ಸುತ್ತಿ, ಮುಂಗುರುಳನ್ನು ಬಟ್ಟೆಯಲ್ಲೇ ಮಡಿಸಿ ತೋರಿಸುತ್ತಾರೆ. ಅವರ ವೀಡಿಯೋ ನೋಡುತ್ತಾ ರಾತ್ರಿ ಕಳೆದಿದ್ದೇನೆ. ಮಲಯ್ ಭಾಷೆ ನನಗೆ ಒಂದಕ್ಷರ ಬಾರದು. ಆದರೆ ಪಿನ್ ಎಲ್ಲಿ ಚುಚ್ಚುತ್ತಾರೆ, ಮಡಿಕೆ ಯಾವ ಕಡೆ ತಿರುಗಿಸುತ್ತಾರೆ ಅಂತ ನೋಡಲು ಭಾಷೆ ಯಾಕೆ? ಒಳಗೆ ಹಾಕುವ ಕತ್ತಿನವರೆಗಿನ ಟೋಪಿಗೆ ಅವರು ಇನ್ನರ್ ನಿಂಜಾ ಅನ್ನುತ್ತಾರೆ. ಎಷ್ಟು ಚೆನ್ನಾದ ಹೆಸರು!

ವೇಷ ಹಾಕಿ ಕಾಮಿಕ್ ಕಾನ್‌ಗೆ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿದಾಗ ಅಮ್ಮಿಯ ಪ್ರಶ್ನೆ ಒಂದೇ.

‘ಅಲ್ಲಿ ಗಂಡುಮಕ್ಕಳು ಇರ್ತಾರಾ?’

‘ಇರ್ತಾರೆ ಅಮ್ಮಿ.’

ಸ್ವಲ್ಪ ಯೋಚಿಸಿ, ‘ಆಫೀಸಲ್ಲೂ ಇರ್ತಾರಲ್ಲ’ ಅಂತ ಅವರೇ ಉತ್ತರ ಹೇಳಿಕೊಂಡು ಅಡುಗೆಮನೆಗೆ ಹೋದರು.

ಅಮ್ಮಿಯ ಸೋದರಿ, ನಮ್ಮ ಖಾಲಾ, ಅಷ್ಟು ಸುಲಭಕ್ಕೆ ಬಿಡುವವರಲ್ಲ. ‘ಜಾದುಗಾರ್ತಿ ವೇಷನಾ? ಸಿಹ್ರ್ ಹರಾಮ್ ಅಲ್ವೇನೇ?’

‘ಖಾಲಾ, ನಾನು ಜಾದೂ ಮಾಡಲ್ಲ. ಜಾದುಗಾರ್ತಿ ಬಟ್ಟೆ ಹೊಲೀತೀನಿ.’

‘ಇವತ್ತು ಬಟ್ಟೆ, ನಾಳೆ ಏನೋ.’

ಅವರ ಅನುಮಾನವನ್ನು ನಾನು ತಮಾಷೆ ಮಾಡಿ ತಳ್ಳಿಹಾಕಲಿಲ್ಲ. ನನ್ನೊಳಗೂ ಅದರ ಒಂದು ಚೂರು ಇತ್ತು. ಸ್ಟೇಜ್ ಹತ್ತುವುದೇ ಸರಿಯಲ್ಲ ಅನ್ನುವ ಆಲಿಮರು, ಅಂದರೆ ಧರ್ಮ ಪಂಡಿತರು, ಇದ್ದಾರೆ, ನಿಯ್ಯತ್ತು, ಅಂದರೆ ಉದ್ದೇಶ, ನೋಡಿ ಹೇಳಬೇಕು ಅನ್ನುವವರೂ ಇದ್ದಾರೆ. ನಾನು ನನಗೇ ಗೆರೆ ಎಳೆದುಕೊಂಡೆ. ಗಂಡಸರ ಪಾತ್ರ ಬೇಡ. ಯಾರಾದರೂ ಪೂಜಿಸುವ ದೇವರ ರೂಪ ಬೇಡವೇ ಬೇಡ, ಅದು ನನ್ನ ನಂಬಿಕೆಗೂ ಸರಿಯಲ್ಲ, ಅವರ ನಂಬಿಕೆಗೂ ಮರ್ಯಾದೆಯಲ್ಲ. ನಮಾಜ್ ತಪ್ಪಬಾರದು. ಇದಿಷ್ಟು ಇಟ್ಟುಕೊಂಡರೆ ಉಳಿದ ಪಾತ್ರಗಳೇ ಒಂದು ಜನ್ಮಕ್ಕೆ ಸಾಕು.

ವೇಷ ಹಾಕುವುದು ನಮಗೆ ಪರದೇಶದ ಮಾತೇನೂ ಅಲ್ಲ. ನಮ್ಮ ರಾಜ್ಯದಲ್ಲೇ ಮೊಹರಂ ಬಂದರೆ ಹರಕೆ ಹೊತ್ತು ಹುಲಿವೇಷ ಹಾಕುವವರಿದ್ದಾರೆ, ಮುಸ್ಲಿಮರೂ ಹಿಂದೂಗಳೂ. ಆದರೆ ಅಲ್ಲಿ ಹೆಂಗಸರು ರಸ್ತೆಬದಿಯಲ್ಲಿ ನಿಂತು ನೋಡುವವರು. ಬಣ್ಣ ಬಳಿದುಕೊಳ್ಳುವ ಸರದಿ ನಮಗೆ ಬಂದದ್ದು ಕಡಿಮೆ.

ಮೊದಲ ಜುಟ್ಟು ಸ್ಯಾಟಿನ್‌ನಲ್ಲಿ ಹೊಲಿದೆ. ಉದ್ದನೆಯ ಚೀಲ ಹೊಲಿದು ಒಳಗೆ ದಿಂಬಿಗೆ ತುಂಬುವ ಫೈಬರ್ ತುಂಬಿದೆ. ನೋಡಲು ಕೂದಲಂತೆ ಇರಲಿಲ್ಲ, ಎರಡು ಉದ್ದ ಸೌತೆಕಾಯಿ ನೇತುಹಾಕಿದಂತೆ ಇತ್ತು. ಅದಕ್ಕಿಂತ ಕಷ್ಟ ಅಂದರೆ ಭಾರ. ತಲೆ ಆಡಿಸಿದರೆ ಇಡೀ ಸ್ಕಾರ್ಫು ಹಿಂದಕ್ಕೆ ಜಾರುತ್ತಿತ್ತು, ಹಣೆಯ ಮೇಲೆ ಕೂದಲು ಕಾಣುತ್ತಿತ್ತು. ಕೂದಲು ಮುಚ್ಚಲು ಇಷ್ಟೆಲ್ಲ ಮಾಡಿ ಕೊನೆಗೆ ಅದೇ ಕಾಣಿಸಿಕೊಂಡರೆ ಏನು ಬಂತು?

ದಾರಿ ತೋರಿಸಿದ್ದು ಅಮ್ಮಿ. ಮುಂಚೆ ಕ್ರಶ್ ದುಪಟ್ಟಾ ಫ್ಯಾಷನ್ ಇತ್ತಲ್ಲ, ನೆನಪಿದೆಯಾ? ಅಂಗಡಿಯಲ್ಲಿ ತರುವಾಗ ನೆರಿಗೆ ನೆರಿಗೆಯಾಗಿ ಇರುತ್ತಿತ್ತು, ಒಂದು ಸಲ ಒಗೆದರೆ ಹೋಗುತ್ತಿತ್ತು. ಆಗ ಮನೆಯಲ್ಲೇ ಅದನ್ನು ಸರಿಮಾಡುತ್ತಿದ್ದರು. ಒದ್ದೆ ದುಪಟ್ಟಾವನ್ನು ಎರಡು ಕಡೆಯಿಂದ ಇಬ್ಬರು ಹಿಡಿದು ಬಿಗಿಯಾಗಿ ಹುರಿ ಹಾಕುವುದು. ಹುರಿ ತಾನೇ ಸುತ್ತಿಕೊಂಡು ಗಂಟಾಗುತ್ತದೆ. ಅದಕ್ಕೆ ದಾರ ಕಟ್ಟಿ ಹಾಗೇ ಒಣಗಲು ಬಿಡುವುದು. ಬಿಚ್ಚಿದರೆ ಸಣ್ಣ ಸಣ್ಣ ಸುಕ್ಕು ಉದ್ದಕ್ಕೂ ನಿಂತಿರುತ್ತದೆ. ‘ಕೂದಲಂಗೆ ಬೇಕು ಅಂದ್ರೆ ಹಿಂಗೆ ಮಾಡು’ ಅಂದರು. ಸಿಲ್ವರ್ ಬಿಳುಪಿನ ತೆಳು ಜಾರ್ಜೆಟ್ ತಂದು, ಒಂದು ತುದಿ ಅವರ ಕೈಗೆ ಕೊಟ್ಟು ಇಬ್ಬರೂ ಹುರಿ ಹಾಕಿದೆವು. ಒಣಗಿದ ಮೇಲೆ ಬಿಚ್ಚಿದರೆ ಎಳೆ ಎಳೆಯಾಗಿ ಜಾರುವ, ಗಾಳಿಗೆ ಅಲ್ಲಾಡುವ, ಗ್ರಾಂ ಲೆಕ್ಕದ ತೂಕದ ಜುಟ್ಟು! ಖುಷಿಗೆ ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು.

ಇನ್ನೊಂದು ಲೆಕ್ಕ ಇತ್ತು. ವುಜೂ, ಅಂದರೆ ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆಯುವುದು. ಮಧ್ಯಾಹ್ನದ ನಮಾಜ್ ಜುಹರ್, ಸಂಜೆಯದು ಅಸರ್. ಎರಡೂ ಕಾನ್ ನಡೆಯುವ ಹೊತ್ತಿನಲ್ಲೇ ಬರುತ್ತವೆ. ವುಜೂ ಮಾಡುವಾಗ ತಲೆಯ ಮೇಲೆ ಒದ್ದೆ ಕೈ ಸವರಬೇಕು. ಅಂದರೆ ಸ್ಕಾರ್ಫ್ ತೆಗೆಯಲೇಬೇಕು. ಮಡಿಕೆಗೊಂದು ಪಿನ್ ಚುಚ್ಚಿ ಕಟ್ಟಿದ್ದನ್ನು ಬಾತ್‌ರೂಮಿನಲ್ಲಿ ಬಿಚ್ಚಿ ಮತ್ತೆ ಕಟ್ಟುವುದರಲ್ಲಿ ಅಸರ್ ಹೋಗಿ ಮಗ್ರಿಬ್ ಬಂದಿರುತ್ತದೆ. ಹಾಗಾಗಿ ಇಡೀ ತಲೆಯ ಭಾಗವನ್ನು ಒಂದೇ ತುಂಡಾಗಿ ಮಾಡಿದೆ. ಒಳಗೆ ಕಾಟನ್ ಜೆರ್ಸಿಯ ಟೋಪಿ. ಅದರ ಮೇಲೆ ಅಗಲ ಎಲಾಸ್ಟಿಕ್ ಪಟ್ಟಿ, ಜುಟ್ಟಿನ ಎಳೆತವೆಲ್ಲ ಅದರ ಮೇಲೆ ಬೀಳುವಂತೆ. ಹೊರಗೆ ಬಿಳಿ ಲೈಕ್ರಾ ಸ್ಕಾರ್ಫು, ಗಲ್ಲದ ಕೆಳಗೆ ಟಿಚ್ ಬಟನ್. ಮುಂಗುರುಳಿಗೆ ಬಕ್ರಂ ಇಟ್ಟು ಎಲೆಯಾಕಾರದಲ್ಲಿ ಕತ್ತರಿಸಿ ಅಂಚಿಗೆ ಹೊಲಿದೆ. ಹೆಲ್ಮೆಟ್ ಹಾಗೆ ತೆಗೆದು ಹೆಲ್ಮೆಟ್ ಹಾಗೆ ಹಾಕಿಕೊಳ್ಳಬಹುದು.

ಕಿವಿ ಬಹಳ ಸುಲಭವಾಯಿತು, ಅದೂ ಹಿಜಾಬಿನಿಂದಲೇ. ಬೇರೆ ಕಾಸ್‌ಪ್ಲೇಯರ್‌ಗಳು ಎಲ್ಫ್ ಕಿವಿಯನ್ನು ಚರ್ಮಕ್ಕೆ ಅಂಟಿನಲ್ಲಿ ಅಂಟಿಸುತ್ತಾರೆ, ಬೆವರಿಗೆ ಅಂಚು ಎದ್ದು ಬರುತ್ತದೆ, ಸಂಜೆಗೆ ತುರಿಕೆ. ನನ್ನ ಕಿವಿ ಬಟ್ಟೆಯ ಒಳಗೆ, ಫ್ರೀರೆನ್ ಕಿವಿ ಬಟ್ಟೆಯ ಹೊರಗೆ. ಇವಿಎ ಫೋಮ್ ಕತ್ತರಿಸಿ, ಹೀಟ್ ಗನ್‌ನಲ್ಲಿ ಬಿಸಿ ಮಾಡಿ ಬಗ್ಗಿಸಿ, ಬಣ್ಣ ಹಚ್ಚಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಗುಂಡಿಯಷ್ಟು ಸಣ್ಣ ಮ್ಯಾಗ್ನೆಟ್ ಸಿಗುತ್ತವೆ. ಒಂದು ಕಿವಿಯ ಬುಡಕ್ಕೆ, ಒಂದು ಸ್ಕಾರ್ಫಿನ ಒಳಪದರಕ್ಕೆ. ಟಕ್ ಅಂತ ಕೂರುತ್ತದೆ. ಕೆಂಪು ಓಲೆಯನ್ನೂ ಅದಕ್ಕೇ ನೇತುಹಾಕಿದೆ.

ಮೇಕಪ್ ವಿಷಯದಲ್ಲಿ ರಾಜಿ ಮಾಡಿಕೊಂಡೆ. ನೀರನ್ನು ಚರ್ಮಕ್ಕೆ ಬಿಡದ ಫೌಂಡೇಶನ್ ಮುಖದ ಮೇಲಿದ್ದರೆ ವುಜೂ ಆಗುವುದಿಲ್ಲ. ನೀರಿಗೆ ಹೋಗುವಂಥ ಪೌಡರ್, ಕಣ್ಣಿಗೆ ಸ್ವಲ್ಪ ಬಣ್ಣ, ಅಷ್ಟೇ. ಫೋಟೋದಲ್ಲಿ ಮುಖ ಮಂಕಾಗಿ ಕಾಣುತ್ತದೆ ಅಂತ ಗೆಳತಿ ಹೇಳಿದಳು. ಫ್ರೀರೆನ್ ಮುಖವೂ ಯಾವಾಗಲೂ ನಿದ್ದೆಗಣ್ಣೇ, ಸರಿಹೋಯಿತು. ಬೂಟಿಗೂ ಒಂದು ಉಪಾಯ ಸಿಕ್ಕಿತು. ಮನೆಯಲ್ಲಿ ಅಬ್ಬಾ ಅವರ ಚರ್ಮದ ಮೋಜಾ ಇತ್ತು. ವುಜೂ ಮಾಡಿ ಅದನ್ನು ಹಾಕಿಕೊಂಡರೆ ಊರಲ್ಲಿರುವವರಿಗೆ ಒಂದು ಹಗಲು ಒಂದು ರಾತ್ರಿ ಕಾಲು ತೊಳೆಯುವ ಅಗತ್ಯವಿಲ್ಲ, ಮೇಲಿಂದ ಒದ್ದೆ ಕೈ ಸವರಿದರೆ ಸಾಕು. ಅದರ ಮೇಲೆ ಬೂಟಿನ ಹಾಗೆ ಕಾಣುವ ಕವರ್ ಹೊಲಿದೆ. ಕೋಟು, ಲಂಗದ ಕಥೆ ಹೇಳುವಂಥದ್ದೇನಿಲ್ಲ. ಬಿಳಿ ಬಟ್ಟೆ, ಚಿನ್ನದ ಬಣ್ಣದ ಪೈಪಿಂಗ್, ಹೊಲಿಗೆ ಮಿಷನ್, ಕುತ್ತಿಗೆ ನೋವು.

ಇನ್ನು ಉಳಿದದ್ದು ಕೋಲು. ಫ್ರೀರೆನ್ ಕೈಯಲ್ಲಿ ಒಂದು ಉದ್ದದ ಕೆಂಪು ಮಂತ್ರದ ಕೋಲು ಇರುತ್ತದೆ. ತುದಿಯಲ್ಲಿ ಚಿನ್ನದ ಬಣ್ಣದ ಅರ್ಧಚಂದ್ರ, ಅದರ ನಡುವೆ ಕೆಂಪು ಹರಳು. ಎಲ್ಲರೂ ಇದನ್ನು ಪಿವಿಸಿ ಪೈಪಿನಲ್ಲಿ ಮಾಡುತ್ತಾರೆ. ಪೈಪಿಗೆ ಫೋಮ್ ಸುತ್ತಿ ಬಣ್ಣ ಬಳಿದರೆ ಆಯಿತು. ಆದರೆ ನಮ್ಮ ಅಮ್ಮಿಯ ತವರು ಚನ್ನಪಟ್ಟಣ. ಮಾಮು ಬೊಂಬೆ ಕೆಲಸದವರು. ಚನ್ನಪಟ್ಟಣದ ಮನೆಯ ಹುಡುಗಿ ಪೈಪ್ ಹಿಡಿದುಕೊಂಡು ನಿಲ್ಲೋದಾ?

ಮೈಸೂರು ಕಡೆಯ ರೈಲು ಹತ್ತಿ ಹೋದೆ. ಮಾಮು ಮೊಬೈಲಿನಲ್ಲಿ ಚಿತ್ರ ನೋಡಿದರು. ಮೇಲೆ ಕೆಳಗೆ ಎರಡು ಸಲ ಸರಿಸಿ ನೋಡಿದರು.

‘ಇದು ಯಾವ ದೇಶದ್ದು?’

‘ಜಪಾನ್ ಮಾಮು.’

‘ಹಂಗಾದ್ರೆ ನಮ್ಮದೇ’ ಅಂದರು.

ಅವರು ಹಾಗೆ ಹೇಳಲು ಕಾರಣವಿದೆ. ಊರಲ್ಲಿ ಎಲ್ಲರೂ ಬಲ್ಲ ಕಥೆ ಅದು. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕಸುಬು ಕಲಿಸಿದ ಅನ್ನುತ್ತಾರೆ. ಆಮೇಲೆ ಬಾವಾಸ್ ಮಿಯಾ ಅನ್ನುವವರು ಜಪಾನಿನವರ ಅರಗಿನ ಕೆಲಸ ಕಲಿತು ಅದನ್ನು ಚನ್ನಪಟ್ಟಣದ ಕೈಗೆ ತಂದುಕೊಟ್ಟರು. ಇವತ್ತು ನಾವು ನೋಡುವ ಬೊಂಬೆಯ ಹೊಳಪಿಗೆ ಅವರನ್ನೇ ನೆನೆಯುತ್ತಾರೆ. ಈ ಕೆಲಸದಲ್ಲಿ ಮುಸ್ಲಿಂ ಮನೆಗಳು ಬಹಳ, ಹೆಂಗಸರೂ ಬಹಳ. ಹಿಜಾಬ್ ಹಾಕಿಕೊಂಡು ಲೇತ್ ಮುಂದೆ ಕೂತು ಬಣ್ಣ ಹಿಡಿಯುವ ಹೆಂಗಸರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಧೂಳು ಕೂದಲಿಗೆ ಹೋಗಲ್ಲ, ಒಳ್ಳೇದೇ ಆಯ್ತು ಅಂತ ನಗುತ್ತಿದ್ದರು.

ಕೋಲಿನ ತೊಂದರೆ ಉದ್ದದ್ದು. ಬೊಂಬೆಗೆ ಬಳಸುವ ಆಲೆ ಮರ ಬಿಳಿ, ಮೆದು, ಉಳಿ ಹಿಡಿದರೆ ಬೆಣ್ಣೆಯ ಹಾಗೆ ಸಿಪ್ಪೆ ಬರುತ್ತದೆ. ಆದರೆ ನನ್ನಷ್ಟು ಎತ್ತರದ ಕೋಲನ್ನು ಬೊಂಬೆಯ ಲೇತ್‌ಗೆ ಹಾಕಲು ಆಗದು. ಮಾಮು ಅದನ್ನು ತುಂಡು ತುಂಡಾಗಿ ಕಡೆದು, ಒಂದರ ಬಾಯಿಗೆ ಇನ್ನೊಂದು ತಿರುಪಿನ ಹಾಗೆ ಸೇರುವಂತೆ ಬೋಲ್ಟ್ ಕೂರಿಸಿದರು. ಬಿಚ್ಚಿದರೆ ಬ್ಯಾಗಿನಲ್ಲಿ ಹೋಗುತ್ತದೆ, ಜೋಡಿಸಿದರೆ ಮಂತ್ರದ ಕೋಲು. ನಾನು ಕೇಳಿರಲೂ ಇಲ್ಲ, ಅವರಾಗಿಯೇ ಮಾಡಿದ್ದು.

ಬಣ್ಣ ಕೂರಿಸುವುದನ್ನು ನೋಡಬೇಕು. ಬ್ರಷ್ ಇಲ್ಲ. ಗಿರಗಿರ ತಿರುಗುವ ಮರಕ್ಕೆ ಕೆಂಪು ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಮೊದಲು ಮಬ್ಬು ಮಬ್ಬಾಗಿ, ಪಟ್ಟೆ ಪಟ್ಟೆಯಾಗಿ ಇರುತ್ತದೆ. ಆಮೇಲೆ ತಾಳೆಗರಿಯ ತುಂಡನ್ನು ಅದರ ಮೇಲೆ ಬಿಗಿಯಾಗಿ ಒತ್ತುತ್ತಾರೆ. ಎಡದಿಂದ ಬಲಕ್ಕೆ ಒಂದೇ ಎಳೆತ. ಹೊಳಪು ಕಣ್ಣೆದುರೇ ಹರಿದು ಬರುತ್ತದೆ. ನನಗೂ ಒಂದು ತುಂಡು ಕೊಟ್ಟು ಮಾಡಿಸಿದರು, ಬೆರಳು ಸುಟ್ಟಿತು, ಆ ತುಂಡು ಕೋಲಿನ ಕೆಳತುದಿಗೆ ಹೋಯಿತು. ಯಾರ ಕಣ್ಣಿಗೂ ಬೀಳಬಾರದು ಅಂತ ಮಾಮು ಯೋಚಿಸಿದ್ದು.

ಅರ್ಧಚಂದ್ರಕ್ಕೆ ಮಾತ್ರ ನಮ್ಮಿಬ್ಬರಿಗೂ ಜಗಳ. ಅರಗಿನಲ್ಲಿ ಅರಿಶಿನದ ಹಳದಿ ಬರುತ್ತದೆ, ಚಿನ್ನ ಬರುವುದಿಲ್ಲ. ನಾನು ಫೋಮಿನಲ್ಲಿ ಮಾಡಿ ಗೋಲ್ಡ್ ಅಕ್ರಿಲಿಕ್ ಹಚ್ಚುತ್ತೇನೆ ಅಂದೆ. ‘ಪೇಂಟಾ?’ ಅಂತ ಮುಖ ಹುಳ್ಳಗೆ ಮಾಡಿದರು. ಕೊನೆಗೆ ಫೋಮೇ ಗೆದ್ದಿತು, ಆದರೆ ಹಳದಿ ಅರಗಿನ ಒಂದು ಬಳೆಯನ್ನು ಕಡೆದು ಅದರ ಬುಡಕ್ಕೆ ಹಾಕಿಯೇ ಬಿಟ್ಟರು. ಮೂಲ ಚಿತ್ರದಲ್ಲಿ ಅದು ಇಲ್ಲ. ಇರಲಿ.

ಕಾನ್ ದಿನ ಮೆಟ್ರೋದಲ್ಲಿ ಹೋದೆ. ತಲೆಯ ಭಾಗವನ್ನು ಡಬ್ಬಿಯಲ್ಲಿಟ್ಟು, ಸಾಮಾನ್ಯ ಸ್ಕಾರ್ಫ್ ಹಾಕಿಕೊಂಡು, ಕೋಲನ್ನು ಬಿಚ್ಚಿ ಬ್ಯಾಗಿಗೆ ಹಾಕಿ. ಸ್ಕ್ಯಾನರ್ ಹತ್ತಿರ ಇದ್ದ ಅಕ್ಕ ಬ್ಯಾಗ್ ತೆಗೆಸಿದರು.

‘ಏನಮ್ಮ ಇದು?’

‘ಚನ್ನಪಟ್ಟಣದ್ದು ಅಕ್ಕ.’

ಅಷ್ಟು ಸಾಕಾಯಿತು. ಒಂದು ತುಂಡನ್ನು ಕೈಯಲ್ಲಿ ಹಿಡಿದು ಸವರಿ ನೋಡಿ ವಾಪಸ್ ಕೊಟ್ಟರು. ಮಂತ್ರದ ಕೋಲು ಅಂತ ಹೇಳಿದ್ದರೆ ಏನಾಗುತ್ತಿತ್ತೋ.

ಒಳಗೆ ಹೋಗಿ ಹೆಂಗಸರ ರೂಮಿನಲ್ಲಿ ಜುಟ್ಟು ಹಾಕಿಕೊಂಡು, ಕಿವಿ ಅಂಟಿಸಿ ಹೊರಗೆ ಬಂದೆ. ಎದುರಿಗೆ ಬಂದ ಮೊದಲ ಹುಡುಗ ಕಿರುಚಿದ್ದು ‘ಫ್ರೀರೆನ್!’ ಅಂತ. ಅಷ್ಟೇ. ಹಿಜಾಬಿ ಫ್ರೀರೆನ್ ಅಲ್ಲ, ಮುಸ್ಲಿಂ ಫ್ರೀರೆನ್ ಅಲ್ಲ. ಆ ಒಂದು ಕ್ಷಣಕ್ಕೆ ಎಷ್ಟು ಹುರಿ ಹಾಕಿದ್ದೆ, ಎಷ್ಟು ಸೂಜಿ ಚುಚ್ಚಿಸಿಕೊಂಡಿದ್ದೆ!

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಹಿಜಾಬ್ ಹಾಕುವವಳು ಅಂತ ಯಾರಿಗೂ ಗೊತ್ತಾಗಬಾರದು ಅನ್ನುವ ಆಸೆ ನನ್ನದಲ್ಲ. ಗೊತ್ತಾಗಬೇಕು. ಆದರೆ 2022ರ ಫೆಬ್ರವರಿಯಿಂದ ಈಚೆಗೆ ನಮ್ಮ ರಾಜ್ಯದಲ್ಲಿ ತಲೆಯ ಮೇಲಿನ ಬಟ್ಟೆ ಅಂದರೆ ಪ್ರಶ್ನೆ. ಶಾಲೆ ಕಾಲೇಜಿನ ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ, ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಎರಡು ಅಭಿಪ್ರಾಯ. ಆಗ ನನ್ನ ಚಿಕ್ಕ ಕಸಿನ್ ಪಿಯುಸಿಯಲ್ಲಿದ್ದಳು. ಅವಳ ಗಣಿತದ ಮಾರ್ಕ್ಸ್ ಬಗ್ಗೆ ಯಾರೂ ಕೇಳಲಿಲ್ಲ. ಕೇಳಿದ್ದೆಲ್ಲ ಒಂದೇ, ಯಾಕೆ ಹಾಕ್ತೀಯ, ಯಾರು ಹಾಕಿಸಿದ್ದು, ತೆಗೆದರೆ ಏನಾಗುತ್ತೆ. ನನಗೂ ಅದೇ. ಕ್ಯಾಬ್ ಡ್ರೈವರ್‌ನಿಂದ ಹಿಡಿದು ಹೊಸ ಟೀಮ್‌ಮೇಟ್‌ವರೆಗೆ.

ಕಾನ್‌ನಲ್ಲಿ ಆ ದಿನ ನನ್ನ ಸ್ಕಾರ್ಫ್ ಬಗ್ಗೆ ಪ್ರಶ್ನೆಗಳು ಬಂದವು, ಸಾಕಷ್ಟು ಬಂದವು. ‘ಇದು ಯಾವ ಬಟ್ಟೆ? ನೆರಿಗೆ ಹೇಗೆ ಬಂತು? ಕಿವಿ ಹೇಗೆ ನಿಂತಿದೆ?’ ಬಟ್ಟೆಯ ಬಗ್ಗೆ ಕೇಳಿದರೆ ಉತ್ತರ ಹೇಳಲು ಎಷ್ಟು ಹಾಯಾಗಿರುತ್ತದೆ ಗೊತ್ತಾ! ಒಬ್ಬ ಆರ್ಮರ್ ಹಾಕಿಕೊಂಡ ಹುಡುಗ ನೆಲದ ಮೇಲೆ ಕೂತು ನನ್ನ ಹತ್ತಿರ ದುಪಟ್ಟಾ ಕ್ರಶ್ ಮಾಡುವುದನ್ನು ಬರೆದುಕೊಂಡ.

ಒಂದು ವಿಚಿತ್ರವೂ ಹೊಳೆಯಿತು. ಅಲ್ಲಿ ನನ್ನ ಮೈಮೇಲಿದ್ದ ಕೋಟು, ಕಿವಿ, ಬೂಟು, ಕೋಲು ಎಲ್ಲವೂ ವೇಷ. ಸಂಜೆ ಕಳಚುವಂಥದ್ದು. ಹಿಜಾಬ್ ಒಂದೇ ನನ್ನದು, ಸೋಮವಾರವೂ ಇರುವಂಥದ್ದು. ಅದೇ ಬಟ್ಟೆಯಿಂದ ನಾನು ಪಾತ್ರ ಮಾಡಿಸುತ್ತಿದ್ದೆ. ‘ನಿಮ್ಮ ಹಿಜಾಬ್ ಕಾಸ್ಟ್ಯೂಮ್ ಸೂಪರ್’ ಅಂತ ಯಾರೋ ಅಂದಾಗ ಥ್ಯಾಂಕ್ಸ್ ಹೇಳಬೇಕೋ ತಿದ್ದಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಎಲ್ಲವೂ ಸಿಹಿಯಾಗಿರಲಿಲ್ಲ. ‘ಅದನ್ನ ತೆಗೆದು ವಿಗ್ ಹಾಕಿದ್ರೆ ಇನ್ನೂ ಆಕ್ಯುರೇಟ್ ಆಗ್ತಿತ್ತು’ ಅಂತ ಒಬ್ಬ ಕ್ಯಾಮೆರಾ ಹಿಡಿದುಕೊಂಡೇ ಹೇಳಿದ. ‘ನಿಮಗೂ ಸಾವಿರ ವರ್ಷ ಆಯಸ್ಸಿದ್ರೆ ಆಕ್ಯುರೇಟ್ ಆಗ್ತಿತ್ತು’ ಅಂದೆ. ನಕ್ಕು ಹೋದ. ಫೋಟೋಗೆ ಭುಜದ ಮೇಲೆ ಕೈಯಿಡಲು ಬಂದವರಿಗೆ ಕೋಲು ಅಡ್ಡ ಹಿಡಿದೆ. ಕೇಳದೆ ಮುಟ್ಟಬಾರದು ಅನ್ನುವುದು ಕಾಸ್‌ಪ್ಲೇ ಲೋಕದ ನಿಯಮ, ಎಲ್ಲ ಹುಡುಗಿಯರಿಗೂ ಅನ್ವಯ. ನನಗೆ ಅದು ಮನೆಯಿಂದಲೇ ಬಂದದ್ದು.

ಜುಹರ್ ಹೊತ್ತಿಗೆ ಒಬ್ಬ ವಾಲಂಟಿಯರ್ ಹುಡುಗಿಯನ್ನು ಕೇಳಿದೆ. ಸ್ಟಾಲ್‌ಗಳ ಹಿಂದೆ ಖಾಲಿ ರಟ್ಟಿನ ಪೆಟ್ಟಿಗೆ ಇಟ್ಟಿದ್ದ ಜಾಗ ತೋರಿಸಿದಳು, ಪೆಟ್ಟಿಗೆ ಸರಿಸಿಯೂ ಕೊಟ್ಟಳು. ಟಿಚ್ ಬಟನ್ ಬಿಚ್ಚಿ, ವುಜೂ ಮಾಡಿ, ಮತ್ತೆ ಹಾಕಿಕೊಂಡು ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಮಾಜ್ ಮಾಡುವಾಗ ಎದುರಿಗೆ ಜನ ಹಾದುಹೋಗದಂತೆ ಏನಾದರೂ ಇಡಬೇಕು, ಸುತ್ರಾ ಅನ್ನುತ್ತೇವೆ. ಪ್ರವಾದಿಯವರು ಬಯಲಲ್ಲಿ ಈಟಿ ನೆಟ್ಟು ಅದರ ಕಡೆಗೆ ನಿಂತು ನಮಾಜ್ ಮಾಡುತ್ತಿದ್ದರು ಅಂತ ಹದೀಸಿನಲ್ಲಿದೆ. ನಾನು ಫ್ರೀರೆನ್ ಕೋಲನ್ನು ಪೆಟ್ಟಿಗೆಗಳ ನಡುವೆ ಸಿಕ್ಕಿಸಿ ನಿಲ್ಲಿಸಿದೆ. ಮುಗಿಸಿ ಸಲಾಂ ತಿರುಗಿಸಿದಾಗ ಪಕ್ಕದಲ್ಲಿ ಇನ್ನೊಬ್ಬಳು ನಿಂತಿದ್ದಳು. ಕಪ್ಪು ಸ್ಕಾರ್ಫು, ಕಾಸ್‌ಪ್ಲೇ ಇಲ್ಲ, ಬರೀ ನೋಡಲು ಬಂದವಳು. ‘ಆಪಾ, ಮುಗೀತಾ? ನಾನೂ ಮಾಡ್ಕೋತೀನಿ, ಕೋಲು ಅಲ್ಲೇ ಇರಲಿ’ ಅಂದಳು.

ಸ್ಪರ್ಧೆಗೂ ಹೆಸರು ಕೊಟ್ಟಿದ್ದೆ. ಸ್ಟೇಜಿಗೆ ಮುಂಚೆ ತೀರ್ಪುಗಾರರು ಹತ್ತಿರದಿಂದ ಕೆಲಸ ನೋಡುತ್ತಾರೆ, ಹೊಲಿಗೆಯ ಒಳಬದಿ ತೋರಿಸಬೇಕು. ತಲೆಯದ್ದನ್ನು ಎಲ್ಲರೆದುರು ತೆಗೆಯಲು ಆಗದಲ್ಲ. ಅದಕ್ಕೇ ಅರ್ಧ ಕೆಲಸವಾದ ಇನ್ನೊಂದನ್ನು ಡಬ್ಬಿಯಲ್ಲಿ ತಂದಿದ್ದೆ. ಅದನ್ನೇ ಒಳಹೊರಗು ತಿರುಗಿಸಿ ತೋರಿಸಿದೆ, ಎಲಾಸ್ಟಿಕ್, ಬಕ್ರಂ, ಮ್ಯಾಗ್ನೆಟ್ ಎಲ್ಲ. ಬಹುಮಾನ ಬರಲಿಲ್ಲ. ಗೆದ್ದವಳ ರೆಕ್ಕೆಗಳು ನಿಜವಾಗಿ ಬಿಚ್ಚಿಕೊಳ್ಳುತ್ತಿದ್ದವು, ಅವಳಿಗೇ ಬರಬೇಕಿತ್ತು.

ಫೋಟೋ ಹಾಕಿದ ಮೇಲೆ ಕಾಮೆಂಟುಗಳು ಬಂದವು. ಒಂದು ಕಡೆಯವರು ಇಲ್ಲೂ ಧರ್ಮ ತಂದ್ಯಾ ಅಂದರು. ಇನ್ನೊಂದು ಕಡೆಯವರು ಹಿಜಾಬನ್ನು ಆಟಿಕೆ ಮಾಡಿದ್ಯಾ ಅಂದರು. ಇಬ್ಬರಿಗೂ ಉತ್ತರ ಕೊಡಲಿಲ್ಲ. ಜುಟ್ಟು ಮಾಡುವುದು ಹೇಗೆ ಅಂತ ಕೇಳಿದವರಿಗೆ ಕೊಟ್ಟೆ. ಅವರಲ್ಲಿ ಕಲಬುರಗಿಯ ಒಬ್ಬಳು ಕಾಲೇಜು ಹುಡುಗಿ, ಭಟ್ಕಳ ಕಡೆಯ ಒಬ್ಬರು ಎರಡು ಮಕ್ಕಳ ತಾಯಿ. ಖಾಲಾ ಫೋಟೋ ನೋಡಿ ಏನೂ ಹೇಳಲಿಲ್ಲ, ತಮ್ಮ ಮಗಳ ಮೆಹಂದಿಗೆ ಅಂಥ ಕ್ರಶ್ ದುಪಟ್ಟಾ ಮಾಡಿಕೊಡ್ತೀಯಾ ಅಂತ ಮಾತ್ರ ಕೇಳಿದರು.

ಮಾಮು ನನ್ನನ್ನು ನೋಡಲೇ ಇಲ್ಲ. ಕೋಲನ್ನು ಝೂಮ್ ಮಾಡಿ ನೋಡಿ ಫೋನ್ ಮಾಡಿದರು. ‘ನಡುವಿನ ಜೋಡಣೆ ಸೊಟ್ಟ ಕಾಣ್ತಿದೆ. ತಗೊಂಡು ಬಾ.’

ಈಗ ಅವರಿಗೆ ಹೊಸ ಗಿರಾಕಿಗಳು. ಕಾನ್‌ನಲ್ಲಿ ಕೋಲು ಮುಟ್ಟಿ ನೋಡಿದವರು ಒಬ್ಬೊಬ್ಬರಾಗಿ ಕೇಳುತ್ತಿದ್ದಾರೆ. ಒಬ್ಬನಿಗೆ ಜಪಾನಿ ಕತ್ತಿ ಬೇಕಂತೆ. ಕತ್ತಿ ಚಪ್ಪಟೆ, ಲೇತ್‌ನಲ್ಲಿ ದುಂಡಗಿರೋದು ಮಾತ್ರ ಆಗೋದು ಅಂತ ಮಾಮು ವಾಪಸ್ ಕಳಿಸಿದರು. ಇನ್ನೊಬ್ಬಳಿಗೆ ಫ್ರೀರೆನ್‌ನ ಶಿಷ್ಯೆ ಫರ್ನ್ ಹಿಡಿಯುವ ಕೋಲು ಬೇಕು. ಅವಳು ಚಿತ್ರ ಕಳಿಸಿದಳು, ನಾನು ಮಾಮುಗೆ ಕಳಿಸಿದೆ. ರಾತ್ರಿ ಅವರಿಂದ ವಾಯ್ಸ್ ಮೆಸೇಜ್ ಬಂತು. ‘ಮಾಡಬಹುದು. ಹುಡುಗಿ ಎತ್ತರ ಎಷ್ಟು ಕೇಳು. ಅಡ್ವಾನ್ಸ್ ಎಷ್ಟು ಕೊಡ್ತಾಳೆ ಅಂತಾನೂ ಕೇಳು. ಪೇಂಟ್ ಮಾಡಲ್ಲ ಅಂತ ಮೊದಲೇ ಹೇಳಿಬಿಡು.’